10 ಮಿ.ಮೀ. ಪ್ಲೇಟ್‌ಗೆ ಯಾವ ರಿವೆಟ್?

ಪ್ರಶ್ನೆ: 10 ಮಿ.ಮೀ. ದಪ್ಪದ ಎರಡು ಉಕ್ಕಿನ ಪ್ಲೇಟ್‌ಗಳನ್ನು ಒಂದರ ಮೇಲೊಂದಿಟ್ಟು ಒಂದೇ ಸಾಲು ರಿವೆಟ್ ಹೊಡೆಯಬೇಕು. ಗಾತ್ರ, ಅಂತರ ಲೆಕ್ಕ ಹಾಕುವುದು ಹೇಗೆ? ಹತ್ತಿರ ಹತ್ತಿರ ಹೊಡೆದಷ್ಟೂ ಜಾಯಿಂಟ್ ಗಟ್ಟಿಯಲ್ಲವೇ?
— ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ಪ್ರತಿ ತೂತೂ ಪ್ಲೇಟನ್ನು ದುರ್ಬಲಗೊಳಿಸುತ್ತದೆ. ತೀರಾ ಹತ್ತಿರವಾದರೆ ತೂತುಗಳ ಸಾಲಿನಲ್ಲೇ ಪ್ಲೇಟ್ ಹರಿಯುತ್ತದೆ, ತೀರಾ ದೂರವಾದರೆ ರಿವೆಟ್ ಕತ್ತರಿಸಿಹೋಗುತ್ತದೆ. ಎರಡರ ಬಲವೂ ಸಮನಾಗುವ ಅಂತರವೇ ಸರಿಯಾದ ಪಿಚ್ (ಒಂದು ತೂತಿನ ಕೇಂದ್ರದಿಂದ ಪಕ್ಕದ ತೂತಿನ ಕೇಂದ್ರಕ್ಕಿರುವ ದೂರ).

ಮೊದಲು ತೂತಿನ ವ್ಯಾಸ. 8 ಮಿ.ಮೀ.ಗಿಂತ ದಪ್ಪದ ಪ್ಲೇಟ್‌ಗೆ ಅನ್ವಿನ್ ಸೂತ್ರ ಸಾಕು: ದಪ್ಪದ ವರ್ಗಮೂಲದ 6 ಪಟ್ಟು. 10ಕ್ಕೆ 18.97 ಬರುತ್ತದೆ, 19 ಮಿ.ಮೀ. ತೂತು, 18 ಮಿ.ಮೀ. ರಿವೆಟ್ ತೆಗೆದುಕೊಳ್ಳಿ. ಬಿಸಿ ರಿವೆಟ್ ಬಡಿದಾಗ ಉಬ್ಬಿ ತೂತನ್ನು ತುಂಬುವುದರಿಂದ ಲೆಕ್ಕಕ್ಕೆ 19 ಅನ್ನೇ ಹಿಡಿಯಬೇಕು. ಇಲ್ಲಿ ಅನೇಕರು ತಪ್ಪುತ್ತಾರೆ.

ಪ್ಲೇಟ್‌ಗೆ ಅನುಮತಿಸಿದ ಎಳೆತ ಚದರ ಮಿ.ಮೀ.ಗೆ 100 ನ್ಯೂಟನ್, ರಿವೆಟ್‌ಗೆ ಶಿಯರ್ (ಅಡ್ಡಡ್ಡ ಕತ್ತರಿಸುವ ಒತ್ತಡ) 80 ಎನ್ನಿ. ಒಂದು ರಿವೆಟ್ ಸುಮಾರು 22,680 ನ್ಯೂಟನ್ ತಡೆಯುತ್ತದೆ. ಅಷ್ಟನ್ನೇ ತಡೆಯಲು ತೂತುಗಳ ನಡುವೆ 22.7 ಮಿ.ಮೀ. ಪ್ಲೇಟ್ ಉಳಿಯಬೇಕು, 19 ಕೂಡಿಸಿದರೆ ಪಿಚ್ 41.7. ಆದರೂ ಜಾಯಿಂಟಿನ ದಕ್ಷತೆ, ಅಂದರೆ ತೂತಿಲ್ಲದ ಪ್ಲೇಟಿನ ಬಲದಲ್ಲಿ ಉಳಿಯುವ ಪಾಲು, ಶೇ 54 ಮಾತ್ರ! ಎರಡು ಸಾಲು ಹಾಕಿ ಪಿಚ್ 64.4ಕ್ಕೆ ಹಿಗ್ಗಿಸಿದರೆ ಶೇ 70 ದಾಟುತ್ತದೆ. ಜಾಗವಿದ್ದರೆ ಎರಡು ಸಾಲೇ ಮೇಲು.

ತೂತಿನ ಕೇಂದ್ರದಿಂದ ಅಂಚಿಗೆ ವ್ಯಾಸದ ಒಂದೂವರೆ ಪಟ್ಟು, ಅಂದರೆ 28.5 ಮಿ.ಮೀ. ಬಿಡಿ, ಕಡಿಮೆಯಾದರೆ ಅಂಚು ಸೀಳುತ್ತದೆ. ರಿವೆಟ್ ಕಾಂಡ 47 ಮಿ.ಮೀ. ಇರಲಿ: ಪ್ಲೇಟ್‌ಗಳಿಗೆ 20, ಬಡಿದು ಮೂಡಿಸುವ ಎರಡನೇ ತಲೆಗೆ 27. ತೂತನ್ನು ಪಂಚ್ ಮಾಡಿದರೆ ಸುತ್ತ ಸಣ್ಣ ಬಿರುಕು ಏಳಬಹುದು, ಡ್ರಿಲ್ ಮಾಡುವುದೇ ಉತ್ತಮ.