ಕಾವಿಗೆ ಕುಳಿತ ಹೇಂಟೆ ಗೂಡು ಬಿಟ್ಟು ಏಳುತ್ತಿದೆ, ಗೂಡಿನ ತುಂಬ ನುಸಿ: ಏನು ಮಾಡಬೇಕು?

ನೀವು ಬರೆದದ್ದು ಇಷ್ಟು: ಅಂಕೋಲೆಯ ಮನೆಯ ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿಗಳಿವೆ. ಮಳೆ ಹಿಡಿದ ಮೇಲೆ ಮೊಟ್ಟೆ ಇಳಿದಿದೆ, ಕಾವಿಗೆ ಕುಳಿತ ಹೇಂಟೆ ನಡುವೆಯೇ ಎದ್ದು ಹೋಗಿದೆ, ಗೂಡಿಗೆ ಕೈ ಹಾಕಿದರೆ ಸಣ್ಣ ಹುಳಗಳು ಹರಿದು ಮೊಣಕೈಯವರೆಗೆ ತುರಿಕೆ. ಕೋಳಿಗಳಿಗೆ ಬೇವಿನ ಎಣ್ಣೆ ಹಚ್ಚಿದರೂ ಹೋಗಿಲ್ಲ. ಜೊತೆಗೆ, ಇದರಿಂದ ಮಂಗನ ಕಾಯಿಲೆ ಬರುತ್ತದೆಯೇ ಎಂದು ಮನೆಯವರು ಹೆದರಿದ್ದಾರೆ.

ಹೆದರಿಕೆಯನ್ನು ಮೊದಲು ಬದಿಗಿಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಆ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು. ಕೋಳಿಗೂಡಿನ ನುಸಿ ಬೇರೆಯೇ ಜೀವಿ. ಅದು ಮನುಷ್ಯರನ್ನು ಕಚ್ಚುತ್ತದೆ, ತುರಿಸುತ್ತದೆ, ಆದರೆ ನಮ್ಮ ಮೈಮೇಲೆ ಬೀಡುಬಿಡುವುದಿಲ್ಲ. ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಸಾಕು. ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ಗೂಡಿಗೆ ಹಾಸಲು ಬೆಟ್ಟದಿಂದ ದರಕು (ಉದುರಿದ ಒಣ ಎಲೆ) ಗುಡಿಸಿ ತರುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಬಿಟ್ಟುಬಿಡಿ, ಡಿಸೆಂಬರಿನಿಂದ ಮೇ ತಿಂಗಳವರೆಗಂತೂ ಬೇಡವೇ ಬೇಡ. ಉಣುಗಿನ ಮರಿಗಳು ಒಣಗಿದ ಎಲೆಯೊಂದಿಗೆ ಮನೆಗೆ ಬರುವುದು ಆಗಲೇ. ಭತ್ತದ ಹೊಟ್ಟು ಅಥವಾ ಒಣಹುಲ್ಲು ಹಾಸಿ.

ಈಗ ನುಸಿಯ ವಿಷಯ. ಎಣ್ಣೆ ಹಚ್ಚಿದರೂ ಹೋಗದಿದ್ದರೆ ನನಗೆ ಮೊದಲು ಅನುಮಾನ ಬರುವುದು ಗೂಡಿನ ಮೇಲೆ. ಕೋಳಿಯನ್ನು ಕಾಡುವ ಕೆಂಪು ನುಸಿ ಹಗಲು ಕೋಳಿಯ ಮೈಮೇಲೆ ಇರುವುದಿಲ್ಲ. ಕತ್ತಲಾದ ಮೇಲೆ ಸಂದುಗಳಿಂದ ಹೊರಬಂದು, ಒಂದರ್ಧ ಗಂಟೆಯಿಂದ ಒಂದು ಗಂಟೆ ರಕ್ತ ಹೀರಿ, ಬೆಳಕು ಹರಿಯುವ ಮೊದಲೇ ಮರಳಿ ಸಂದು ಸೇರುತ್ತದೆ. ಮೊಟ್ಟೆ ಇಡುವುದೂ ಆ ಸಂದಿನಲ್ಲೇ. ನೀವು ಹಗಲು ಹೊತ್ತು ಕೋಳಿ ಹಿಡಿದು ಎಣ್ಣೆ ಹಚ್ಚಿದಾಗ ಅದು ಅಲ್ಲಿ ಇರಲೇ ಇಲ್ಲ.

ನಮ್ಮ ಕಡೆಯ ಗೂಡುಗಳು ಈ ನುಸಿಗೆ ಹೇಳಿ ಮಾಡಿಸಿದಂತಿರುತ್ತವೆ. ಗೋಡೆ ಚಿರೆಕಲ್ಲು, ಅದರ ಮೈತುಂಬ ರಂಧ್ರ. ಬೇಲಿ ಅಡಿಕೆ ದಬ್ಬೆ, ಒಣಗಿದ ಹಾಗೆ ಉದ್ದಕ್ಕೆ ಸೀಳು ಬಿಡುತ್ತದೆ. ಕೂರುವ ಕೋಲು ಬಿದಿರು, ತುದಿ ಟೊಳ್ಳು. ಕುಮಟೆಯ ಹತ್ತಿರ ನಮ್ಮ ಮನೆಯ ಗೂಡೂ ಚಿರೆಕಲ್ಲಿನದೇ, ಆದ್ದರಿಂದ ಈ ಕಾಟ ನನಗೆ ಚೆನ್ನಾಗಿ ಗೊತ್ತು.

ಹಾಗಾಗಿ ಮದ್ದಿಗೆ ಮೊದಲು ಪರೀಕ್ಷೆ ಮಾಡಿ. ಕೋಳಿಗಳು ಮಲಗಿ ಎರಡು ತಾಸು ಕಳೆದ ಮೇಲೆ ಟಾರ್ಚ್ ಹಿಡಿದು ಹೋಗಿ, ಕೂರುವ ಕೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ. ರಕ್ತದ ಕಲೆ ಮೂಡಿದರೆ ಅದು ಕೆಂಪು ನುಸಿ. ಹಸಿದಾಗ ಬೂದುಬಣ್ಣ, ರಕ್ತ ಕುಡಿದ ಮೇಲಷ್ಟೇ ಕೆಂಪು. ಬಟ್ಟೆ ಸ್ವಚ್ಛವಾಗಿದ್ದರೆ ಹಗಲಲ್ಲಿ ಕೋಳಿಯ ಬಾಲದ ಬುಡದ, ಮೊಟ್ಟೆ ಇಡುವ ದ್ವಾರದ ಸುತ್ತಲಿನ ಪುಕ್ಕ ಸರಿಸಿ ನೋಡಿ. ಅಲ್ಲಿ ಪುಕ್ಕ ಕಪ್ಪಗೆ ಮೆತ್ತಿಕೊಂಡು ನುಸಿ ಓಡಾಡುತ್ತಿದ್ದರೆ ಅದು ಮೈಮೇಲೆಯೇ ಬದುಕುವ ಇನ್ನೊಂದು ಜಾತಿ. ಹುಲ್ಲಿನ ಬಣ್ಣದ ಸ್ವಲ್ಪ ದೊಡ್ಡ ಹುಳ, ಪುಕ್ಕದ ಬುಡದಲ್ಲಿ ಗುಂಪುಗುಂಪಾಗಿ ಅಂಟಿದ ಬಿಳಿ ಮೊಟ್ಟೆ ಕಂಡರೆ ಅದು ಹೇನು. ನಿಮ್ಮ ವಿವರಣೆ ನೋಡಿದರೆ ಕೆಂಪು ನುಸಿಯೇ ಇರಬೇಕು, ಆದರೂ ನೋಡದೆ ಮದ್ದು ಹಾಕಬೇಡಿ.

ಕೆಂಪು ನುಸಿಯೆಂದು ಖಚಿತವಾದರೆ ಒಂದಿಡೀ ಹಗಲು ಗೂಡಿಗೆ ಕೊಡಿ. ಕೋಳಿಗಳನ್ನು ಹೊರಗೆ ಬಿಟ್ಟು, ಹಾಸಿದ್ದೆಲ್ಲವನ್ನೂ ಕೆರೆದು ತೆಗೆದು ಸುಟ್ಟುಹಾಕಿ. ತೆಂಗಿನ ಬುಡಕ್ಕೆ ಹಾಕುವ ಆಸೆ ಈ ಸಲ ಬೇಡ. ಕೋಲುಗಳನ್ನೂ ಮೊಟ್ಟೆಬುಟ್ಟಿಯನ್ನೂ ಹೊರತೆಗೆದು ಕುದಿಯುವ ನೀರು ಹೊಯ್ಯಿರಿ. ಬಿದಿರಿನ ಕೋಲಾದರೆ ಎಸೆದು ಟೊಳ್ಳಿಲ್ಲದ ನುಣುಪು ಕೋಲು ಹಾಕಿ. ಚಿರೆಕಲ್ಲಿನ ಗೋಡೆಗೆ ಒಣ ತೆಂಗಿನ ಗರಿಯ ಸೂಡಿ ಹಚ್ಚಿ ಬೆಂಕಿಯ ನಾಲಿಗೆಯನ್ನು ನಿಧಾನವಾಗಿ ಆಡಿಸಿ. ಮಾಡು ಸೋಗೆಯದಾಗಿದ್ದರೆ, ಬದಿಗೆ ದಬ್ಬೆ ಇದ್ದರೆ ಬೆಂಕಿಯ ಸಹವಾಸ ಬೇಡ, ಕುದಿನೀರೇ ಸಾಕು. ಗೋಡೆ ಆರಿದ ಮೇಲೆ ಗಟ್ಟಿಯಾಗಿ ಕಲಸಿದ ಸುಣ್ಣವನ್ನು ರಂಧ್ರ ಮುಚ್ಚುವ ಹಾಗೆ ಬಳಿಯಿರಿ. ಅದು ಪೂರ್ತಿ ಒಣಗಿದ ಮೇಲೆಯೇ ಕೋಳಿಗಳನ್ನು ಒಳಗೆ ಬಿಡಿ, ಹಸಿ ಸುಣ್ಣ ಕಾಲನ್ನೂ ಕಣ್ಣನ್ನೂ ಸುಡುತ್ತದೆ. ಕೈಲಾದರೆ ಬೇಸಿಗೆಯಲ್ಲಿ ಒಳಗೋಡೆಗೆ ಸಿಮೆಂಟಿನ ಗಾರೆ ಮಾಡಿಸಿ. ಯಾವ ಔಷಧಿಗಿಂತಲೂ ಅದರ ಮೇಲೆ ನನಗೆ ಹೆಚ್ಚು ನಂಬಿಕೆ.

ಬೇವಿನ ಎಣ್ಣೆ ವ್ಯರ್ಥವಲ್ಲ, ಅದರ ಜಾಗ ಗೂಡಿನ ಸಂದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 10ರಿಂದ 20 ಮಿಲಿ ಎಣ್ಣೆ, ಸ್ವಲ್ಪ ಸಾಬೂನು ದ್ರಾವಣ ಬೆರೆಸಿ ಕೋಲಿನ ತುದಿಗಳಿಗೆ, ಜೋಡಣೆಗಳಿಗೆ ಸಿಂಪಡಿಸಿ. ಕೋಳಿಯ ಮೈಗೆ, ಅದೂ ಮಳೆಗಾಲದಲ್ಲಿ, ಎಣ್ಣೆ ಬಳಿಯಬೇಡಿ. ಪುಕ್ಕ ಅಂಟಿಕೊಂಡರೆ ನೀರು ತಡೆಯುವುದಿಲ್ಲ, ಕೋಳಿ ನೆನೆದು ನಡುಗುತ್ತದೆ. ತೋಟದ ಪಂಪು ಬಳಸುವುದಾದರೆ ಅದರಲ್ಲಿ ಹಿಂದೆ ಕಳೆನಾಶಕ ಹೊಡೆದಿರಬಾರದು.

ಇಷ್ಟೆಲ್ಲ ಮಾಡಿಯೂ ಜನ ಸೋಲುವುದು ಎರಡನೆಯ ಸುತ್ತು ಬಿಟ್ಟುಬಿಡುವುದರಿಂದ. ನುಸಿಯ ಮೊಟ್ಟೆ ಎಣ್ಣೆಗೂ ಹೆಚ್ಚಿನ ಔಷಧಿಗಳಿಗೂ ಸಾಯುವುದಿಲ್ಲ. ನಮ್ಮ ಸೆಖೆಯಲ್ಲಿ ಮೊಟ್ಟೆಯೊಡೆದು ಬೆಳೆದು ಮತ್ತೆ ಮೊಟ್ಟೆಯಿಡಲು ಅದಕ್ಕೆ ಸುಮಾರು ಒಂದು ವಾರ ಸಾಕು. ಆದ್ದರಿಂದ ಏಳನೆಯ ದಿನ ಮತ್ತೊಮ್ಮೆ, ಹದಿನಾಲ್ಕನೆಯ ದಿನ ಇನ್ನೊಮ್ಮೆ ಕುದಿನೀರು ಮತ್ತು ಸಿಂಪಡಣೆ ಆಗಲೇಬೇಕು. ಗೂಡನ್ನು ಕೆಲವು ದಿನ ಖಾಲಿ ಬಿಟ್ಟರೆ ಹಸಿದು ಸಾಯುತ್ತದೆ ಎಂದು ಕಾಯಬೇಡಿ. ತಂಪಾದ ಜಾಗದಲ್ಲಿ ಈ ನುಸಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು.

ಕಾವಿನ ಹೇಂಟೆಯ ಸಂಕಟ ಇದೇ ಲೆಕ್ಕದಲ್ಲಿದೆ. ಅದು 21 ದಿನ ಒಂದೇ ಬುಟ್ಟಿಯಲ್ಲಿ ಬೆಚ್ಚಗೆ ಕೂರುತ್ತದೆ, ಅಷ್ಟರಲ್ಲಿ ನುಸಿಯ ಮೂರು ತಲೆಮಾರು ಕಳೆಯುತ್ತವೆ. ಮೊದಲ ವಾರ ಹೇಗೋ ಸಹಿಸುತ್ತದೆ, ಮೂರನೆಯ ವಾರದಲ್ಲಿ ತಡೆಯಲಾರದೆ ಏಳುತ್ತದೆ. ಎದ್ದು ಹೋದ ಹೇಂಟೆಯನ್ನು ಬೈಯಬೇಡಿ, ಅದರ ಜುಟ್ಟು ನೋಡಿ. ಬಿಳಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದರ್ಥ. ಅದನ್ನು ಮತ್ತೆ ಕೂರಿಸದೆ ಚೆನ್ನಾಗಿ ತಿನ್ನಿಸಿ. ಇನ್ನು ಮುಂದೆ ಕಾವಿಗೆ ಇಡುವಾಗ ಹೊಸ ಬುಟ್ಟಿ, ಬಿಸಿಲು ಕಂಡ ಹುಲ್ಲು, ಅಡಿಯಲ್ಲಿ ಒಂದು ಪದರ ಒಲೆಬೂದಿ ಹಾಕಿ, ಮುಖ್ಯ ಗೂಡಿನಿಂದ ದೂರ ಇಡಿ. ಮರಿ ಹೊರಬಂದ ದಿನವೇ ಆ ಹುಲ್ಲು ಬೆಂಕಿಗೆ ಹೋಗಬೇಕು. ನುಸಿ ಹತ್ತಿದರೆ ಎಳೆಯ ಮರಿಗಳು ರಕ್ತಹೀನತೆಯಿಂದ ಸತ್ತೇಹೋಗುತ್ತವೆ.

ಮಳೆಗಾಲದಲ್ಲೇ ಹುಳಗಳ ಕಾಟ ಹೆಚ್ಚಾಗಲು ಒಂದು ಕಾರಣವಿದೆ. ಬೇಸಿಗೆಯಲ್ಲಿ ಕೋಳಿ ಮಣ್ಣಿನಲ್ಲಿ ಹೊರಳಾಡಿ ಮೈಮೇಲಿನ ಹುಳಗಳನ್ನು ತಾನೇ ಕಳೆದುಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದಕ್ಕೆ ಒಣ ಮಣ್ಣು ಎಲ್ಲಿದೆ? ಜಗುಲಿಯ ಅಥವಾ ಕೊಟ್ಟಿಗೆಯ ಮಾಡಿನಡಿ ಅಗಲ ಪೆಟ್ಟಿಗೆಯಲ್ಲಿ ಒಣಮಣ್ಣು, ಜರಡಿ ಹಿಡಿದ ಸೌದೆಬೂದಿ ತುಂಬಿಡಿ. ಮೈಮೇಲಿನ ನುಸಿ ಅಥವಾ ಹೇನು ಇದ್ದರೆ ಇದಕ್ಕೆ ಎರಡು ಮೂರು ಮುಷ್ಟಿ ಗಂಧಕದ ಪುಡಿ ಬೆರೆಸಿದರೆ ಒಳ್ಳೆಯ ಫಲ ಸಿಗುತ್ತದೆ. ಬೂದಿ ತೇವವಾದರೆ ಕೆಲಸ ಮಾಡುವುದಿಲ್ಲ, ಬದಲಿಸುತ್ತಿರಿ.

ಕಾಲಿನ ಪೊರೆ ಎದ್ದು ಹುರುಪೆ ಕಟ್ಟಿದ ಕೋಳಿ ಇದ್ದರೆ ಅದು ಚರ್ಮದೊಳಗೆ ಕೊರೆಯುವ ಮತ್ತೊಂದು ನುಸಿ. ಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲು ನೆನೆಸಿ, ಮೆದು ಬ್ರಷ್‌ನಿಂದ ಉಜ್ಜಿ, ವ್ಯಾಸಲೀನ್ ಅಥವಾ ತೆಂಗಿನೆಣ್ಣೆ ದಪ್ಪಗೆ ಹಚ್ಚಿ. ಕೆಲವು ವಾರ ಹೀಗೆ ಮುಂದುವರಿಸಬೇಕು. ಹುರುಪೆಯನ್ನು ಕೀಳಬೇಡಿ. ಸೀಮೆಎಣ್ಣೆಯಲ್ಲಿ ಅದ್ದುವ ಹಳೆಯ ಪದ್ಧತಿ ಕಾಲನ್ನು ಸುಡುತ್ತದೆ.

ಔಷಧಿಯ ಅಂಗಡಿಗೆ ಹೋಗುವ ಮುನ್ನ ಇದನ್ನು ದಯವಿಟ್ಟು ಓದಿ. ಹಿಂದೆ ಹುಳ ಸಾಯಿಸಲು ಕೋಳಿಗೆ ಎರಚುತ್ತಿದ್ದ ಬಿಎಚ್‌ಸಿ ಪುಡಿ 1997ರಲ್ಲೇ, ಕಾರ್ಬರಿಲ್ ಎಂಬ ಕೀಟನಾಶಕ 2018ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾಗಿವೆ. ಯಾರ ಮನೆಯ ಅಟ್ಟದಲ್ಲಿ ಉಳಿದಿದ್ದರೂ ಮುಟ್ಟಬೇಡಿ. ನಾಯಿಯ ಬೆನ್ನಿಗೆ ಬಿಡುವ ಉಣುಗಿನ ಹನಿಗಳನ್ನು ಕೋಳಿಗೆ ಹಾಕುವವರೂ ಇದ್ದಾರೆ. ಅವುಗಳಲ್ಲಿ ಹಲವಕ್ಕೆ ಫಿಪ್ರೊನಿಲ್ ಎಂಬ ಕೀಟನಾಶಕ ಸೇರಿರುತ್ತದೆ. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಇದೇ ಕೆಂಪು ನುಸಿಯ ವಿರುದ್ಧ ಫಿಪ್ರೊನಿಲ್ ಬಳಸಿದ್ದರಿಂದ ಅದು ಮೊಟ್ಟೆಗೆ ಸೇರಿ, ಲಕ್ಷಾಂತರ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ನಿಮ್ಮ ಮಕ್ಕಳು ತಿನ್ನುವ ಮೊಟ್ಟೆ ಇದು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಐವರ್‌ಮೆಕ್ಟಿನ್ ಯಾವುದೇ ಇರಲಿ, ಪಶುವೈದ್ಯರು ಹೇಳಿದ ಪ್ರಮಾಣದಲ್ಲೇ ಬಳಸಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕೋಳಿಗಳು ಬಿಳಚಿ ಮಂಕಾಗಿದ್ದರೆ ತಡ ಮಾಡದೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಗೂಡು ಶುದ್ಧವಾದ ಮೇಲೆ ಕಾರವಾರದ ಭಾನುವಾರದ ಸಂತೆಯಿಂದಲೋ, ಹರಕೆಗೆಂದೋ ಹೊಸ ಹುಂಜ ತಂದರೆ ಎರಡು ಮೂರು ವಾರ ಬೇರೆ ಪಂಜರದಲ್ಲಿಟ್ಟು, ಬಾಲದ ಬುಡ ಮತ್ತು ಕಾಲು ನೋಡಿಯೇ ಗುಂಪಿಗೆ ಸೇರಿಸಿ. ತಂದ ಬುಟ್ಟಿಯನ್ನು ಗೂಡಿನ ಹತ್ತಿರ ಇಡದೆ ಅದೇ ದಿನ ಕುದಿನೀರಿನಲ್ಲಿ ತೊಳೆಯಿರಿ.