ಕಾನೂನಿನ ದಾರಿಯಲ್ಲೇ ಬರುವ ನಿರಂಕುಶತೆ

ಪ್ರಶ್ನೆ: ಸೇನೆ ಬೀದಿಗಿಳಿಯದೆ, ಚುನಾವಣೆಗಳು ಕಾಲಕಾಲಕ್ಕೆ ನಡೆಯುತ್ತಿರುವಾಗಲೇ ಪ್ರಜಾಪ್ರಭುತ್ವವೊಂದು ನಿರಂಕುಶ ಆಡಳಿತವಾಗಿ ಮಾರ್ಪಡುವುದು ಹೇಗೆ? ಅಲ್ಲಿಂದ ಹಿಂದಿರುಗಲು ಒಂದು ಚುನಾವಣೆಯ ಗೆಲುವು ಸಾಕೆ?

ಉತ್ತರ: ಮೊದಲ ಪ್ರಶ್ನೆಗೆ ಹಂಗೆರಿಯ ಅನುಭವ ಸ್ಪಷ್ಟ ಉತ್ತರ ನೀಡುತ್ತದೆ. 2010ರಲ್ಲಿ ವಿಕ್ಟರ್ ಓರ್ಬಾನ್ ಅವರ ಫಿಡೆಸ್ ಪಕ್ಷ ಸುಮಾರು ಶೇ 53ರಷ್ಟು ಮತ ಪಡೆದು, ಅಲ್ಲಿನ ಚುನಾವಣಾ ಪದ್ಧತಿಯ ದೆಸೆಯಿಂದ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಗಳಿಸಿತು. ಸಂವಿಧಾನವನ್ನೇ ಬದಲಿಸಲು ಅಷ್ಟು ಸಾಕಾಗಿತ್ತು. 2012ರ ಆರಂಭದಲ್ಲಿ ಹೊಸ ಸಂವಿಧಾನ ಜಾರಿಗೆ ಬಂದಿತು. ನ್ಯಾಯಾಧೀಶರ ನಿವೃತ್ತಿ ವಯಸ್ಸು 70ರಿಂದ 62ಕ್ಕೆ ಇಳಿಯಿತು. ಯಾವ ನ್ಯಾಯಾಲಯಕ್ಕೂ ಬೀಗ ಬೀಳಲಿಲ್ಲ, ಆದರೆ ಹಿರಿಯ ನ್ಯಾಯಾಧೀಶರ ಒಂದು ತಲೆಮಾರೇ ಸ್ಥಾನ ತೆರವು ಮಾಡಬೇಕಾಯಿತು. ಈ ಕ್ರಮ ಐರೋಪ್ಯ ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ಒಕ್ಕೂಟದ ನ್ಯಾಯಾಲಯ ಅದೇ ವರ್ಷದ ನವೆಂಬರಿನಲ್ಲಿ ತೀರ್ಪು ನೀಡುವ ಹೊತ್ತಿಗೆ ಹಲವು ಮುಖ್ಯ ಹುದ್ದೆಗಳಿಗೆ ಬೇರೆಯವರು ಬಂದಾಗಿತ್ತು. ಕ್ಷೇತ್ರಗಳ ಗಡಿಗಳೂ ಚುನಾವಣಾ ನಿಯಮಗಳೂ ಬದಲಾದ ಮೇಲೆ, 2014ರಲ್ಲಿ ಅದೇ ಪಕ್ಷ ಸುಮಾರು ಶೇ 45ರಷ್ಟು ಮತಗಳಿಂದಲೇ 199ರಲ್ಲಿ 133 ಸ್ಥಾನಗಳನ್ನು ಪಡೆಯಿತು.

ನಿವೃತ್ತಿ ವಯಸ್ಸು ನಿಗದಿಪಡಿಸುವುದು, ಕ್ಷೇತ್ರ ಮರುವಿಂಗಡಿಸುವುದು ಎಲ್ಲ ಪ್ರಜಾಪ್ರಭುತ್ವಗಳಲ್ಲೂ ಶಾಸಕಾಂಗಗಳು ಮಾಡುವ ಕೆಲಸವೇ ಆದ್ದರಿಂದ, ಪ್ರತಿಯೊಂದು ಹೆಜ್ಜೆಯನ್ನೂ ಬಿಡಿಯಾಗಿ ಸಮರ್ಥಿಸಿಕೊಳ್ಳಬಹುದು. ಪ್ರತಿಭಟಿಸಬೇಕಾದ ಕ್ಷಣ ಇದೇ ಎಂದು ಜನರಿಗೆ ತೋರುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯ ಅತ್ಯಂತ ಅಪಾಯಕಾರಿ ಅಂಶ ಇದು. ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದಾಗ ಅಂಥ ಗೊಂದಲಕ್ಕೆ ಎಡೆಯಿರಲಿಲ್ಲ. ಜನರು ಸಂಸತ್ ಭವನದ ಮುಂದೆ ನೆರೆದರು. ಒಳಸೇರಿದ 190 ಸದಸ್ಯರೂ ಒಮ್ಮತದಿಂದ ಅದನ್ನು ತಿರಸ್ಕರಿಸಿದರು. ಮರುವರ್ಷದ ಏಪ್ರಿಲಿನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅಧ್ಯಕ್ಷರನ್ನು ಪದಚ್ಯುತಗೊಳಿಸಿತು. ಮೆಲ್ಲಮೆಲ್ಲನೆ ನಡೆಯುವ ಆಕ್ರಮಣಕ್ಕೆ ಇಂಥ ಒಂದು ರಾತ್ರಿ ಇರುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ: ಸಾಲದು. ಪೋಲೆಂಡಿನಲ್ಲಿ ಇಂಥದೇ ಹಾದಿ ಹಿಡಿದು ಎಂಟು ವರ್ಷ ಆಳಿದ ಪಕ್ಷ, ಶೇ 74ಕ್ಕೂ ಹೆಚ್ಚು ಮತದಾನವಾದ 2023ರ ಅಕ್ಟೋಬರ್ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡಿತು. ಆದರೆ ಅದು ನೇಮಿಸಿದ ಸಾಂವಿಧಾನಿಕ ನ್ಯಾಯಾಧೀಶರು ಸ್ಥಾನದಲ್ಲೇ ಉಳಿದರು. ಮಸೂದೆಗಳನ್ನು ತಡೆಯುವ ಅಧಿಕಾರವಿದ್ದ ಅಧ್ಯಕ್ಷರು ಅದೇ ಬಣದವರಾಗಿದ್ದರು. ನ್ಯಾಯಾಧೀಶರ ನೇಮಕಕ್ಕೆ ಹೆಸರು ಸೂಚಿಸುವ ನ್ಯಾಯಾಂಗ ಮಂಡಳಿಯನ್ನು ರಾಜಕೀಯದ ಹಿಡಿತಕ್ಕೆ ತಂದ ಮೇಲೆ ನೇಮಕವಾದ ಸಾವಿರಾರು ನ್ಯಾಯಾಧೀಶರಿದ್ದರು; ಅವರ ನೇಮಕ ಅಸಿಂಧುವೆಂದರೆ ಅವರು ಕೊಟ್ಟ ವಿಚ್ಛೇದನ, ಆಸ್ತಿ, ಅಪರಾಧ ಪ್ರಕರಣಗಳ ತೀರ್ಪುಗಳ ಗತಿಯೇನು? ನಿಯಮದಂತೆ ನಡೆದರೆ ದುರಸ್ತಿ ನಿಂತುಹೋಗುತ್ತದೆ, ನಿಯಮ ಮೀರಿದರೆ ಹಿಂದಿನವರ ನಡೆಯನ್ನೇ ಅನುಸರಿಸಿದಂತಾಗುತ್ತದೆ. ಹೊಸ ಸರ್ಕಾರ ಸಾರ್ವಜನಿಕ ದೂರದರ್ಶನದ ಆಡಳಿತವನ್ನು ತುರ್ತಾಗಿ ಬದಲಿಸಿದಾಗ, ಆ ಸಂಸ್ಥೆ ಪ್ರಚಾರಯಂತ್ರವಾಗಿತ್ತೆಂದು ಬಲ್ಲವರಲ್ಲಿಯೂ ಕೆಲವರು ಅನುಸರಿಸಿದ ಮಾರ್ಗವನ್ನು ಆಕ್ಷೇಪಿಸಿದ್ದು ಇದೇ ಕಾರಣಕ್ಕೆ. ಆ ಆಕ್ಷೇಪ ನ್ಯಾಯವಾದುದೆಂದೇ ನಾನು ಭಾವಿಸುತ್ತೇನೆ, ತಡವಾಗುವುದರ ಬೆಲೆ ಎಷ್ಟೆಂದು ತಿಳಿದೂ.

ಹಾಗಾದರೆ ದುರಸ್ತಿ ಬಾಳುವುದು ಯಾವಾಗ? ಸೋತವರಲ್ಲೂ ಒಂದು ಭಾಗ ಅದಕ್ಕೆ ಒಪ್ಪಿದಾಗ. ಭಾರತದಲ್ಲಿ 1977ರ ಚುನಾವಣೆಯ ನಂತರ ಜನತಾ ಸರ್ಕಾರ ತಂದ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿ ಹೇರಲು ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣದ ಬದಲು ‘ಸಶಸ್ತ್ರ ದಂಗೆ’ ಇರಬೇಕೆಂದಿತು, ಸಂಪುಟದ ಲಿಖಿತ ಸಲಹೆಯನ್ನು ಕಡ್ಡಾಯಗೊಳಿಸಿತು. ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿನ ಬೆಂಬಲವಿಲ್ಲದೆ ಅದು ಅಂಗೀಕಾರವಾಗುವಂತಿರಲಿಲ್ಲ. ಹಾಗಾಗಿ ಕೆಲವು ಅಂಶಗಳನ್ನು ಬಿಟ್ಟುಕೊಡಬೇಕಾಯಿತು. 1980ರಲ್ಲಿ ಇಂದಿರಾ ಗಾಂಧಿಯವರು ಅಧಿಕಾರಕ್ಕೆ ಮರಳಿದ ಮೇಲೂ ಈ ಎರಡು ನಿಬಂಧನೆಗಳು ಉಳಿದವು, ಇಂದಿಗೂ ಇವೆ.