ಮೇನ್‌ಫ್ರೇಮ್‌ನಲ್ಲಿ ನೆಟ್‌ವರ್ಕ್ ಐ/ಓ ಶುರುವಾಗುವುದು ಹೇಗೆ? ಒಂದೇ ಕಾರ್ಡಿಗೆ ಮೂರು ಡಿವೈಸ್ ನಂಬರ್ ಯಾಕೆ?

ಮಾಮೂಲಿ ಸರ್ವರ್‌ನಲ್ಲಿ ಡ್ರೈವರ್ ಹೋಗಿ ನೆಟ್‌ವರ್ಕ್ ಕಾರ್ಡಿನ ರಿಜಿಸ್ಟರಿಗೆ ಬರೆದರೆ ಪ್ಯಾಕೆಟ್ ಹೊರಡುತ್ತದೆ, ಮೇನ್‌ಫ್ರೇಮ್‌ನಲ್ಲಿ ಆ ಜಾಗದಲ್ಲಿ ಏನಿದೆ ಎಂದು ಕೇಳಿದ್ದೀರಿ. ಜೊತೆಗೆ ಒಂದೇ ನೆಟ್‌ವರ್ಕ್ ಕಾರ್ಡಿಗೆ ಮೂರು ಡಿವೈಸ್ ನಂಬರ್ (ಸಿಸ್ಟಮ್ ಡಿವೈಸನ್ನು ಗುರುತಿಸುವ ಸಂಖ್ಯೆ) ಯಾಕೆ ಎಂಬ ಗೊಂದಲ. ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ನಾನು ಬೆಂಗಳೂರಿನಲ್ಲಿ ಕೂತು ಝಡ್/ಓಎಸ್ ಎಂಬ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುವವನು. ಐಬಿಎಂ ಯಂತ್ರಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಇಲ್ಲಿ ಸಿಪಿಯು ಕಾರ್ಡಿನ ಜೊತೆ ನೇರವಾಗಿ ಮಾತಾಡುವುದೇ ಇಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ಚೀಟಿ ಬರೆದು ಅಡುಗೆಮನೆಗೆ ಕೊಟ್ಟು ಮುಂದಿನ ಟೇಬಲ್ಲಿಗೆ ಹೋಗುತ್ತಾನಲ್ಲ, ಹಾಗೆ. ಆ ಚೀಟಿಯ ಹೆಸರು ಚಾನೆಲ್ ಪ್ರೋಗ್ರಾಮ್. ಅದರ ಒಂದೊಂದು ಸಾಲೂ 8 ಬೈಟಿನ ಒಂದು ಸಿಸಿಡಬ್ಲ್ಯು (ಚಾನೆಲ್ ಕಮ್ಯಾಂಡ್ ವರ್ಡ್). ಮೆಮೊರಿ ಡಂಪ್‌ನಲ್ಲಿ 01 20 0400 ಎಂದು ಶುರುವಾಗುವ ಸಿಸಿಡಬ್ಲ್ಯು ಕಂಡರೆ ಹೀಗೆ ಓದಿ: 01 ಅಂದರೆ ರೈಟ್, 20 ಅಂದರೆ ಉದ್ದ ತಾಳೆಯಾಗದಿದ್ದರೂ ತಕರಾರು ಮಾಡಬೇಡ, 0400 (ಇದು ಹೆಕ್ಸ್ ಸಂಖ್ಯೆ) ಅಂದರೆ 1024 ಬೈಟು. ಉಳಿದ 4 ಬೈಟಿನಲ್ಲಿ ಡೇಟಾ ಇರುವ ವಿಳಾಸ.

1964ರ ಸಿಸ್ಟಮ್/360ರಲ್ಲಿ ಈ ಚೀಟಿಯ ವಿಳಾಸವನ್ನು ಮೆಮೊರಿಯ 72ನೇ ಜಾಗದಲ್ಲಿಟ್ಟು 'ಸ್ಟಾರ್ಟ್ ಐ/ಓ' ಇನ್‌ಸ್ಟ್ರಕ್ಷನ್ ಕೊಡುತ್ತಿದ್ದರು. ಡಿವೈಸ್ ಓಗೊಡುವ ತನಕ ಸಿಪಿಯು ಕಾಯಬೇಕಿತ್ತು. 1980ರ ದಶಕದಲ್ಲಿ 370-ಎಕ್ಸ್‌ಎ ಎಂಬ ಹೊಸ ಆರ್ಕಿಟೆಕ್ಚರ್ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಈಗ ಇರುವುದು 'ಸ್ಟಾರ್ಟ್ ಸಬ್‌ಚಾನೆಲ್'. ಒಂದನೇ ರಿಜಿಸ್ಟರಿನಲ್ಲಿ ಯಾವ ಸಬ್‌ಚಾನೆಲ್ (ಒಂದೊಂದು ಡಿವೈಸ್ ನಂಬರಿಗೂ ಇರುವ ಐ/ಓ ಕಿಂಡಿ) ಎಂದಿರುತ್ತದೆ, ಓಆರ್‌ಬಿ ಎಂಬ ಬ್ಲಾಕಿನಲ್ಲಿ ಚಾನೆಲ್ ಪ್ರೋಗ್ರಾಮಿನ ವಿಳಾಸ. ಇನ್‌ಸ್ಟ್ರಕ್ಷನ್ ಕೊಟ್ಟ ಮೇಲೆ ಸಿಗುವ ಕಂಡಿಷನ್ ಕೋಡ್ 0 ಬಂದರೆ ಚಾನೆಲ್ ಸಬ್‌ಸಿಸ್ಟಮ್ (ಐ/ಓ ನೋಡಿಕೊಳ್ಳುವ ಪ್ರತ್ಯೇಕ ಭಾಗ, ನಮ್ಮ ಅಡುಗೆಮನೆ) ಕೆಲಸ ಒಪ್ಪಿಕೊಂಡಿತು ಎಂದರ್ಥ. 2 ಬಂದರೆ ಬ್ಯುಸಿ. 3 ಬಂದರೆ ಆ ಕಡೆ ಯಾರೂ ಇಲ್ಲ. ಯಾವ ದಾರಿಯಲ್ಲಿ ಹೋಗಬೇಕು, ದಾರಿ ಖಾಲಿ ಇದೆಯಾ ಎಂಬ ಉಸಾಬರಿಯೆಲ್ಲ ಚಾನೆಲ್ ಸಬ್‌ಸಿಸ್ಟಮ್‌ನದು. ಮುಗಿದಾಗ ಇಂಟರಪ್ಟ್ ಬರುತ್ತದೆ.

ಡಿಸ್ಕಿಗೆ ಇದು ಹೇಳಿ ಮಾಡಿಸಿದ ಏರ್ಪಾಡು, ಏಕೆಂದರೆ ಡಿಸ್ಕು ಕೇಳಿದಾಗ ಮಾತ್ರ ಕೊಡುತ್ತದೆ. ನೆಟ್‌ವರ್ಕ್ ಹಾಗಲ್ಲ, ಕರೆಯದೇ ಬರುವ ನೆಂಟ. ಹಿಂದಿನ 3705ರಂಥ ಕಮ್ಯುನಿಕೇಷನ್ ಕಂಟ್ರೋಲರ್‌ಗಳು ಡೇಟಾ ಬಂದಾಗ ಅಟೆನ್ಷನ್ ಇಂಟರಪ್ಟ್ ಕೊಟ್ಟು ಎಚ್ಚರಿಸುತ್ತಿದ್ದವು; ಆಗ ಮೇನ್‌ಫ್ರೇಮಿನ ನೆಟ್‌ವರ್ಕ್ ಸಾಫ್ಟ್‌ವೇರ್ ಆದ ವಿಟ್ಯಾಮ್ ಒಂದು ರೀಡ್ ಶುರು ಮಾಡುತ್ತಿತ್ತು. ಒಂದು ಸಬ್‌ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಚಾನೆಲ್ ಪ್ರೋಗ್ರಾಮ್ ಓಡುತ್ತದೆ. ರೀಡ್ ಹಾಕಿಕೊಂಡು ಕಾಯುತ್ತಾ ಕೂತರೆ ಅದೇ ಸಬ್‌ಚಾನೆಲ್‌ನಲ್ಲಿ ಬರೆಯಲು ಆಗುವುದಿಲ್ಲ. ಅದಕ್ಕೇ ಎಲ್‌ಸಿಎಸ್ (ಲ್ಯಾನ್‌ಗೆ ಸೇರಿಸುವ ಹಳೆಯ ಬಗೆ) ಮತ್ತು ಸಿಟಿಸಿ (ಚಾನೆಲ್‌ನಿಂದ ಚಾನೆಲ್‌ಗೆ) ಕನೆಕ್ಷನ್‌ಗಳಲ್ಲಿ ಓದಲು ಒಂದು ನಂಬರ್, ಬರೆಯಲು ಇನ್ನೊಂದು.

ಮೂರನೆಯದು ಬಂದದ್ದು ಓಎಸ್ಎ-ಎಕ್ಸ್‌ಪ್ರೆಸ್ ಎಂಬ ನೆಟ್‌ವರ್ಕ್ ಕಾರ್ಡಿನ ಕ್ಯೂಡಿಐಓ (ಕ್ಯೂಗಳ ಮೂಲಕ ನೇರ ಐ/ಓ) ಪದ್ಧತಿಯಿಂದ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಪ್ರತಿ ಪ್ಯಾಕೆಟ್ಟಿಗೂ ಚೀಟಿ ಬರೆದು, ಪ್ರತಿಸಲ ಇಂಟರಪ್ಟ್ ತಗೊಂಡರೆ ಗಿಗಾಬಿಟ್ ವೇಗಕ್ಕೆ ಸಾಲುವುದಿಲ್ಲ. ಹಾಗಾಗಿ ಡೇಟಾ ಡಿವೈಸಿನ (ಅದೇ ಆ ಮೂರನೇ ನಂಬರ್) ಮೇಲೆ ಮೊದಲು 'ಎಸ್ಟಾಬ್ಲಿಷ್ ಕ್ಯೂಸ್' ಕಮ್ಯಾಂಡ್ ಕೊಟ್ಟು ಮೆಮೊರಿಯಲ್ಲಿ ಕ್ಯೂ ಎಲ್ಲೆಲ್ಲಿದೆ ಎಂದು ಕಾರ್ಡಿಗೆ ತಿಳಿಸುತ್ತಾರೆ. ಆಮೇಲೆ 'ಆಕ್ಟಿವೇಟ್ ಕ್ಯೂಸ್'. ಈ ಎರಡನೆಯ ಚಾನೆಲ್ ಪ್ರೋಗ್ರಾಮ್ ಮುಗಿಯುವುದೇ ಇಲ್ಲ! ಕನೆಕ್ಷನ್ ಇರುವವರೆಗೂ ಅದು ಓಡುತ್ತಲೇ ಇರುತ್ತದೆ.

ಅಲ್ಲಿಂದ ಮುಂದೆ ಡೇಟಾಕ್ಕೆ ಸ್ಟಾರ್ಟ್ ಸಬ್‌ಚಾನೆಲ್ ಬೇಡ. ಒಂದೊಂದು ಕ್ಯೂನಲ್ಲೂ 128 ಬಫರ್, ಒಂದೊಂದು ಬಫರಿಗೂ ಒಂದು ಸ್ಟೇಟ್ ಬೈಟ್. ಆ ಬಫರ್ ಈಗ ಪ್ರೋಗ್ರಾಮಿನದೋ ಕಾರ್ಡಿನದೋ ಎಂದು ಹೇಳುವುದು ಆ ಬೈಟೇ. ಕಳಿಸಬೇಕಾದ್ದನ್ನು ತುಂಬಿ, ಬೈಟ್ ಬದಲಿಸಿ, 'ಸಿಗ್ನಲ್ ಅಡಾಪ್ಟರ್' ಇನ್‌ಸ್ಟ್ರಕ್ಷನ್ನಿಂದ ಕಾರ್ಡಿನ ಬಾಗಿಲು ತಟ್ಟಿದರೆ ಆಯಿತು. ನೀವು ಹೇಳಿದ ರಿಜಿಸ್ಟರ್ ಬರಹಕ್ಕೆ ಹತ್ತಿರದ ಸಂಬಂಧಿ ಇದೇ. ಬರುವ ಡೇಟಾಕ್ಕೂ ಇದೇ ಕ್ರಮ ತಿರುಗುಮುರುಗು: ಖಾಲಿ ಬಫರ್‌ಗಳನ್ನು ಮೊದಲೇ ಕಾರ್ಡಿಗೆ ಒಪ್ಪಿಸಿರುತ್ತೇವೆ, ಅದು ತುಂಬಿ ಬೈಟ್ ಬದಲಿಸುತ್ತದೆ. ಒಂದೇ ಯಂತ್ರದೊಳಗಿನ ನೆಟ್‌ವರ್ಕ್ ಆದ ಹೈಪರ್‌ಸಾಕೆಟ್ಸ್‌ನಲ್ಲಂತೂ ಕಾರ್ಡೇ ಇಲ್ಲ. ಅದೇ ಸಿಗ್ನಲ್ ಇನ್‌ಸ್ಟ್ರಕ್ಷನ್ ಒಂದು ಎಲ್‌ಪಾರ್‌ನ (ಯಂತ್ರವನ್ನು ಪಾಲು ಮಾಡಿದ ಒಂದು ಭಾಗದ) ಮೆಮೊರಿಯಿಂದ ಇನ್ನೊಂದಕ್ಕೆ ಡೇಟಾ ನಕಲು ಮಾಡಿಬಿಡುತ್ತದೆ.

ಹಾಗಾದರೆ ಹಳೆಯ ರೀಡ್, ರೈಟ್ ಜೋಡಿ ಏನು ಮಾಡುತ್ತಿದೆ? ಅದು ಕಂಟ್ರೋಲ್ ಮಾತುಕತೆಗೆ: ಈ ಐಪಿ ವಿಳಾಸ ನನ್ನದು ಎಂದು ಕಾರ್ಡಿಗೆ ತಿಳಿಸುವಂಥ ಕೆಲಸಕ್ಕೆ. ವಿಟ್ಯಾಮ್‌ನ ಟಿಆರ್‌ಎಲ್‌ಇ (ಕಾರ್ಡಿನ ಡಿವೈಸ್ ನಂಬರ್‌ಗಳನ್ನು ಹೇಳುವ ನಮೂದು) ಬರೆಯುವಾಗ ರೀಡ್ ನಂಬರ್ ಸಮಸಂಖ್ಯೆ ಇರಬೇಕು, ರೈಟ್ ಅದರ ಮುಂದಿನದು. ಒಮ್ಮೆ ರಾತ್ರಿ ಚೇಂಜ್‌ನಲ್ಲಿ ರೀಡ್‌ಗೆ 0701, ರೈಟ್‌ಗೆ 0702 ಕೊಟ್ಟಿದ್ದೆವು. ಆಕ್ಟಿವೇಟ್ ಆಗಲೇ ಇಲ್ಲ. ಕೇಬಲ್ ಬದಲಿಸಿ, ಸ್ವಿಚ್ ಪೋರ್ಟ್ ನೋಡಿ ಎರಡು ಗಂಟೆ ಕಳೆದ ಮೇಲೆ ಯಾರೋ ಆ ಬೆಸಸಂಖ್ಯೆಯ ಮೇಲೆ ಬೆರಳಿಟ್ಟರು. 0700, 0701, ಡೇಟಾಕ್ಕೆ 0702 ಎಂದು ತಿದ್ದಿದ ಕೂಡಲೇ ಲಿಂಕ್ ಎದ್ದಿತು.

ನಿಮಗೆ ಟೆಸ್ಟ್ ಸಿಸ್ಟಮ್ ಕೈಗೆ ಸಿಕ್ಕಿದರೆ ವಿಟ್ಯಾಮ್‌ನಲ್ಲಿ ಓಎಸ್ಎಯ ಟಿಆರ್‌ಎಲ್‌ಇ ಡಿಸ್‌ಪ್ಲೇ ಮಾಡಿ ನೋಡಿ. ರೀಡ್, ರೈಟ್, ಡೇಟಾ ಮೂರೂ ತಂತಮ್ಮ ನಂಬರ್ ಹೊತ್ತು ಒಂದರ ಕೆಳಗೊಂದು ಬರುತ್ತವೆ.